ಡ್ಯಾಡಿಯ ಜೋಳದ ಗಂಜಿ

ನನಗೆ ಬೆಳಗ್ಗೆ ಕೂತು ತಿಂದು ಅಭ್ಯಾಸವಿಲ್ಲ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಬಾಚಣಿಗೆ, ಕಣ್ಣು ಗಡಿಯಾರದ ಮೇಲೆ. ಏಳೂಕಾಲರ ಬಸ್ಸು ತಪ್ಪಿದರೆ ಸುರತ್ಕಲ್‌ನ ನನ್ನ ಶಾಲೆಯಲ್ಲಿ ಮೊದಲ ಪೀರಿಯಡ್ ಗೋವಿಂದ. ಅಂಥ ನನ್ನ ಮನೆಯಲ್ಲಿ ಕಳೆದ ವರ್ಷ ಡ್ಯಾಡಿ ಊಟ ಬಿಟ್ಟರು.

ಆಸ್ಪತ್ರೆಯಿಂದ ಬಂದ ಮೇಲೆ ಕುಚ್ಚಲಕ್ಕಿ ಗಂಜಿ ಕೊಟ್ಟರೆ ಎರಡು ಚಮಚ ಕುಡಿದು ಮುಖ ತಿರುಗಿಸುತ್ತಿದ್ದರು. ಎಂಬತ್ತು ದಾಟಿದ ಮೈ, ದಿನದಿಂದ ದಿನಕ್ಕೆ ಇಳಿಯುತ್ತಿತ್ತು. “ಈ ವಾರ ನೋಡುವ. ತಿನ್ನದಿದ್ರೆ ಮೂಗಿಗೆ ಟ್ಯೂಬ್ ಹಾಕ್ಬೇಕಾಗ್ತದೆ,” ಎಂದರು ಡಾಕ್ಟರು. ಆಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

“ಎಂತ ಬೇಕು ಡ್ಯಾಡಿ ನಿಮಗೆ?” ಎಂದು ರೇಗಿದೆ.

“ಮೆಕ್ಕೆಜೋಳದ ಗಂಜಿ. ಆಫ್ರಿಕಾದಲ್ಲಿ ಬೆಳಗ್ಗೆ ಕುಡೀತಿದ್ದದ್ದು. ಬಿಸಿ ಬಿಸಿ.”

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಬಾಲ್ಯವಿಡೀ ಅವರು ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ನಮ್ಮನ್ನು ಬಿಟ್ಟು ಹೋಗಿದ್ದ ಜಾಗದ ಗಂಜಿಯೇ ಆಗಬೇಕೇ ಇವರಿಗೆ? ಆದರೂ ಮೆಕ್ಕೆಜೋಳ ತಂದು ಹಿಟ್ಟಿನ ಗಿರಣಿಗೆ ಓಡಿದೆ. “ಎಂತ ಟೀಚರೇ, ಕೋಳಿ ಸಾಕ್ಲಿಕ್ಕೆ ಶುರು ಮಾಡಿದ್ರಾ?” ಎಂದು ಗಿರಣಿಯವನು ನಕ್ಕ.

ಬುಧವಾರ ಕುಚ್ಚಲಕ್ಕಿಯ ಹಾಗೆ ಅದನ್ನೂ ಒಲೆಯ ಮೇಲಿಟ್ಟು, ಮುಚ್ಚಿ, ಸ್ನಾನಕ್ಕೆ ಹೋದೆ. ನಾವು ಗಂಜಿ ಮಾಡುವುದೇ ಹಾಗೆ, ಅದರ ಪಾಡಿಗೆ ಅದು ಬೇಯುತ್ತದೆ. ಬಂದು ನೋಡಿದರೆ ಮೇಲೆಲ್ಲ ಗಂಟು, ಅಡಿ ಕರಟಿತ್ತು. ಅದನ್ನೇ ಬಟ್ಟಲಿಗೆ ಹಾಕಿ ಕೊಟ್ಟೆ, ಅವರು ಮುಟ್ಟಲಿಲ್ಲ. ಗುರುವಾರ ಬೈದುಕೊಳ್ಳುತ್ತಲೇ ಕೈಬಿಡದೆ ತಿರುವಿದೆ, ಹಾಲು, ಬೆಲ್ಲ ಹಾಕಿದೆ. ಎರಡು ಚಮಚ, ಅಷ್ಟೇ. ಶುಕ್ರವಾರ ಬೆಲ್ಲ ಬಿಟ್ಟು ಉಪ್ಪು ಹಾಕಿದೆ. ಮತ್ತೆ ಎರಡೇ ಚಮಚ.

“ಈಗೆಂತ ಕಮ್ಮಿ ಉಂಟು ಇದಕ್ಕೆ?” ಎಂದೆ.

“ಕಮ್ಮಿ ಎಂತದೂ ಇಲ್ಲ,” ಎಂದರು. “ಅಲ್ಲಿ ಎಲ್ಲರೂ ಮಗ್ ಹಿಡ್ಕೊಂಡು ಕೂತ ಮೇಲೆಯೇ ಕುಡಿಯುದು. ಫೋರ್‌ಮನ್ ಸಹ ಕಾಯ್ಬೇಕು. ಒಬ್ಬನೇ ಕುಡಿದು ನನಗೆ ಗೊತ್ತಿಲ್ಲ.”

ಮೂರು ದಿನವೂ ನಾನು ಬಟ್ಟಲನ್ನು ಅವರ ಮುಂದೆ ಕುಕ್ಕಿ ಬ್ಯಾಗು ತುಂಬಲು ಓಡಿದ್ದೆ. ನಾಚಿಕೆಯಾಯಿತು. ಉಳಿದ ಗಂಜಿಯನ್ನು ಲೋಟಕ್ಕೆ ಸುರಿದುಕೊಂಡು ಎದುರಿಗೆ ಕೂತೆ. ನಾನು ಒಂದು ಗುಟುಕು ಕುಡಿಯುವವರೆಗೂ ಅವರು ಕಾದರು. ಹಸಿ ಹಿಟ್ಟಿನ ವಾಸನೆ, ರುಚಿಯೇನೂ ಇರಲಿಲ್ಲ. ಅವರು ಮಾತ್ರ ಮೂರನೆಯ ಚಮಚ ಕುಡಿದರು, ನಾಲ್ಕನೆಯದನ್ನೂ ಕುಡಿದರು. ಅದಕ್ಕೂ ಮೊದಲು ಬೆಳಗ್ಗೆ ನಾವಿಬ್ಬರೂ ಒಟ್ಟಿಗೆ ಕೂತು ತಿಂದ ನೆನಪೇ ನನಗಿಲ್ಲ. ಅವರು ರಜೆಯಲ್ಲಿ ಬಂದಾಗಲೂ ನಾನು ಶಾಲೆಗೆ ಓಡುತ್ತಿದ್ದೆ.

ಏಳು ಗಂಟೆ ದಾಟಿತು. ಮೇಜಿನ ಕೆಳಗೆ ನನ್ನ ಕಾಲು ಸುಮ್ಮನಿರಲಿಲ್ಲ. ಅದು ಅವರಿಗೆ ಗೊತ್ತಾಯಿತು. ಅರ್ಧ ಬಟ್ಟಲು ಉಳಿದಿರುವಾಗಲೇ ಚಮಚ ಕೆಳಗಿಟ್ಟರು.

“ಹೋಗು ಮಾರಾಯ್ತಿ, ನಿನ್ನ ಬಸ್ ಹೋಗ್ತದೆ.”

“ಇವತ್ತು ರಜೆ ಡ್ಯಾಡಿ,” ಎಂದೆ.

ಇಸ್ತ್ರಿ ಸೀರೆ ಉಟ್ಟು, ಶಾಲೆಯ ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡೇ ಸುಳ್ಳು ಹೇಳಿದ್ದೆ. ಅವರು ಕಾರ್ಡನ್ನು ನೋಡಿದರು, ನನ್ನ ಮುಖವನ್ನು ನೋಡಿದರು, ಮತ್ತೆ ಚಮಚ ಎತ್ತಿಕೊಂಡರು.