ಕರಗದ ಬತ್ತಿ

ಉಪ್ಪಳದ ಈಶ್ವರಪ್ರಸಾದರ ಮದ್ದಿನಂಗಡಿಯ ಹಿಂದಿನ ಕೋಣೆಯಲ್ಲಿ, ಹಸುಗೂಸುಗಳ ಜ್ವರಕ್ಕೆ ಗುದದೊಳಗೆ ಇಡುವ ಮದ್ದಿನ ಬತ್ತಿ ಮಾಡುವವಳು ರಾಜೀವಿ. ಬಾಯಿಗೆ ಹಾಕಿದ ಮದ್ದನ್ನೆಲ್ಲ ಕಕ್ಕುವ ಮಕ್ಕಳಿಗೆ ಅದೇ ಗತಿ. ಕೊಕ್ಕೊ ಬೀಜದ ಬೆಣ್ಣೆಯನ್ನು ಬಿಸಿನೀರಿನ ಮೇಲೆ ಕರಗಿಸಿ, ಯಜಮಾನರು ತೂಗಿ ಕೊಟ್ಟ ಮದ್ದು ಕಲಸಿ, ಅಚ್ಚಿಗೆ ಹೊಯ್ದು ತಣಿಸುವುದು. ಹತ್ತೊಂಬತ್ತು ವರ್ಷ ಪಳಗಿದ ಕೈ. ರಾಜೀವಿ ಮಾಡಿದ ಬತ್ತಿ ನುಣುಪು ಅಂತ ಯಜಮಾನರು ಹೇಳಿದರೆ ಅವಳಿಗೆ ಆ ದಿನ ಊಟವೇ ಬೇಡ.

ಈ ಸಲದ ಏಪ್ರಿಲ್ ಸೆಕೆಗೆ ಬತ್ತಿಗಳು ಮನೆ ಮುಟ್ಟುವುದರೊಳಗೆ ಮೆತ್ತಗಾಗುತ್ತಿದ್ದವು. ಶಿರಿಯದವರೊಬ್ಬರು, ಇದೆಂತ, ನೀವು ತುಪ್ಪ ಮಾರುವುದಾ ಅಂತ ನಕ್ಕರು. ಆ ನಗು ಅವಳಿಗೆ ನಾಟಿತು. ಮರುದಿನ ಯಜಮಾನರನ್ನು ಕೇಳದೆ ಜೇನುಮೇಣ ಸೇರಿಸಿದಳು, ಅದೂ ಧಾರಾಳವಾಗಿ. ಬತ್ತಿಯನ್ನು ಬಿಸಿಲಲ್ಲಿಟ್ಟು ನೋಡಿದಳು, ಜಪ್ಪಯ್ಯ ಅನ್ನಲಿಲ್ಲ. ಅದು ಮಗುವಿನ ಮೈಯೊಳಗೆ ಕರಗಬೇಕಾದದ್ದು ಎಂಬುದು ಆಗ ತಲೆಗೇ ಬರಲಿಲ್ಲ.

ಮೂರನೆಯ ದಿನ ಮಂಗಲ್ಪಾಡಿಯ ಅಶ್ಮಿತಾ ಆರು ತಿಂಗಳ ಮಗುವನ್ನು ಎತ್ತಿಕೊಂಡು ಬಂದಳು, ಜತೆಗೆ ಅತ್ತೆ ಅಪ್ಪಿ. ಇಲ್ಲಿಂದ ಒಯ್ದ ಎರಡು ಬತ್ತಿ ಇಟ್ಟರೂ ಜ್ವರ ಇಳಿಯದೆ, ಮಗು ಆಸ್ಪತ್ರೆಯಲ್ಲಿ ಒಂದು ದಿನ ಮಲಗಿ ಬಂದದ್ದಂತೆ. ಇಟ್ಟ ಬತ್ತಿ ಇಟ್ಟ ಹಾಗೆಯೇ ಬಟ್ಟೆಗೆ ಬಿದ್ದಿತ್ತಂತೆ.

"ರೀಲ್ಸ್ ಮಾಡ್ಲಿಕ್ಕೆ ಗೊತ್ತುಂಟು, ಬತ್ತಿ ಇಡ್ಲಿಕ್ಕೆ ಗೊತ್ತಿಲ್ಲ ಇವಳಿಗೆ" ಅಂದಳು ಅಪ್ಪಿ.

ಅಶ್ಮಿತಾ ತಲೆ ತಗ್ಗಿಸಿದಳು. "ಎಷ್ಟು ಒಳಗೆ ಇಡಬೇಕು ರಾಜೀವಿಯಕ್ಕ? ನಾನು ಎಂತದೋ ತಪ್ಪು ಮಾಡಿದೆ."

ರಾಜೀವಿಗೆ ಎಲ್ಲ ತಿಳಿಯಿತು. ತಿಳಿದೂ ಕಿರುಬೆರಳು ಚಾಚಿ, ಇಷ್ಟು ಅಂತ ತೋರಿಸಿದಳು. ತೋರಿಸಿದ ಮೇಲೆ ಆ ಬೆರಳನ್ನು ಎಲ್ಲಿ ಅಡಗಿಸಲಿ ಅಂತಾಯಿತು. ಅಶ್ಮಿತಾ ಮೆಟ್ಟಲಿಳಿಯುವಾಗ ಮಗುವಿನ ಕೈಯಲ್ಲಿ ಸೂಜಿ ಚುಚ್ಚಿದ ಜಾಗದ ಪ್ಲಾಸ್ಟರು ಕಂಡಿತು.

"ನಿಲ್ಲು ಮಗಾ. ನೀನು ಇಟ್ಟದ್ದು ಸರಿಯೇ. ಮೇಣ ಹಾಕಿದ್ದು ನಾನು. ಅದಕ್ಕೇ ಕರಗಲಿಲ್ಲ."

ಯಜಮಾನರು ಕನ್ನಡಕ ತೆಗೆದು ರಾಜೀವಿಯನ್ನೇ ನೋಡಿದರು. ಎರಡು ಬೈದಿದ್ದರೂ ಆಗುತ್ತಿತ್ತು. ಅಶ್ಮಿತಾಳೂ ಬೈಯಲಿಲ್ಲ. "ಬೇರೆ ಯಾರಿಗೆಲ್ಲ ಕೊಟ್ಟಿದ್ದೀರಿ?" ಅಂತ ಮಾತ್ರ ಕೇಳಿದಳು.

ಇನ್ನೆರಡು ಮನೆ. ಒಂದಕ್ಕೆ ಯಜಮಾನರು ಫೋನು ಮಾಡಿದರು. ಅಲ್ಲಿ ಬತ್ತಿಯನ್ನು ಇನ್ನೂ ಮುಟ್ಟಿರಲಿಲ್ಲ. ಇನ್ನೊಂದು ವರ್ಕಾಡಿಯ ಮನೆ, ಅವರು ಫೋನು ಎತ್ತಲಿಲ್ಲ. ರಾಜೀವಿ ಚಪ್ಪಲಿ ಮೆಟ್ಟಿ ಹೊರಟಳು.

ಬಸ್ಸಿನಲ್ಲಿ ಪರಿಚಯದ ಹೆಂಗಸೊಬ್ಬಳು, ಈ ಹೊತ್ತಲ್ಲಿ ಎಲ್ಲಿಗೆ ಸವಾರಿ ಅಂತ ಕೇಳಿದಳು.

"ನಾನು ಮಾಡಿದ ಮದ್ದು ಹಾಳು. ಕೊಟ್ಟಲ್ಲಿಗೆ ಹೋಗಿ ಹೇಳ್ಲಿಕ್ಕುಂಟು" ಅಂದಳು ರಾಜೀವಿ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡೇ.