ಹಯವದನರಾಯರ ಷರಾ

ಹಯವದನರಾಯರಿಗೆ ಸಿಟ್ಟು ಬಂದರೆ ಡೆಟ್ರಾಯ್ಟ್ ನದಿಯ ಮಂಜುಗಡ್ಡೆ ಒಂದು ವಾರ ಮುಂಚೆಯೇ ಕರಗುತ್ತಿತ್ತಂತೆ. ಜನಕ್ಕೇನು, ಬಾಯಿಗೆ ಬಂದದ್ದು ಹೇಳುತ್ತಾರೆ. ಕರಗುತ್ತಿದ್ದದ್ದು ನಾಲ್ಕೇ ದಿನ ಮುಂಚೆ. ಆದರೆ 1974ರ ಸೆಪ್ಟೆಂಬರಿನಲ್ಲಿ ಅವರಿಗೆ ಬಂದ ಸಿಟ್ಟಿಗೆ ಯಾರೂ ಉಪ್ಪುಖಾರ ಹಚ್ಚಬೇಕಾಗಿಲ್ಲ.

ರಾಯರು ಮೈಸೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಆರು ವರ್ಷ ರೋಡ್ ರೋಲರುಗಳನ್ನು ನೋಡಿಕೊಂಡು, ಆಮೇಲೆ ಡೆಟ್ರಾಯ್ಟಿನ ಒಂದು ಕಾರು ಕಂಪನಿ ಸೇರಿದವರು. ಎಂಜಿನ್ ಪರೀಕ್ಷೆ ಅವರ ಕೆಲಸ. ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಕೇಳಿ, ಟ್ಯಾಂಕಿನಲ್ಲಿ ಎಷ್ಟು ಗ್ಯಾಲನ್ ಉಳಿದಿದೆ ಎಂದು ಹೇಳುತ್ತಿದ್ದರು. ಒಮ್ಮೆ ಮಾತ್ರ ಅರ್ಧ ಗ್ಯಾಲನ್ ತಪ್ಪಿತು. ಬಗ್ಗಿ ನೋಡಿದರೆ ಟ್ಯಾಂಕೇ ತೂತು ಬಿದ್ದಿತ್ತು.

ಹಿಂದಿನ ಚಳಿಗಾಲದಲ್ಲಿ ಪೆಟ್ರೋಲಿಗೆ ಬರ ಬಂದು ಗ್ಯಾಸ್ ಸ್ಟೇಷನ್ನುಗಳ ಮುಂದೆ ಮೈಲುದ್ದದ ಸಾಲು ನಿಂತ ಮೇಲೆ ಅಮೆರಿಕದವರಿಗೂ ನಮ್ಮವರ ಚಟ ಅಂಟಿತು: ಕಾರು ಕಂಡರೆ ಮೊದಲು ಮೈಲೇಜ್ ಕೇಳುವುದು. ಕಂಪನಿ ತನ್ನ ದೊಡ್ಡ ಸ್ಟೇಷನ್ ವ್ಯಾಗನ್ನಿಗೆ ಎಂಟು ಸಿಲಿಂಡರ್ ತೆಗೆದು ಆರು ಸಿಲಿಂಡರಿನ ಎಂಜಿನ್ ಕೂರಿಸಿತು. ಮಾಡುವ ಖರ್ಚು ಕಡಿಮೆ, ಕುಡಿಯುವುದೂ ಕಡಿಮೆ. ಪರೀಕ್ಷಿಸಿ ವರದಿ ಬರೆದವರು ರಾಯರೇ. ಖಾಲಿ ಗಾಡಿಗೆ ಗ್ಯಾಲನ್ನಿಗೆ ಹತ್ತೊಂಬತ್ತು ಮೈಲು. ಎರಡು ಸಾವಿರ ಪೌಂಡಿನ ಟ್ರೈಲರನ್ನೂ ಎಳೆಯಬಲ್ಲದು. ಆದರೆ ಹಾಗೆ ಎಳೆಯಬೇಕಾದರೆ ಹಿಂದಿನ ಆಕ್ಸಲ್ಲಿಗೆ ಬೇರೆ ಗೇರು, ಮುಂದೆ ದೊಡ್ಡ ರೇಡಿಯೇಟರ್ ಹಾಕಬೇಕು. ಹಾಕಿದರೆ ಮೈಲೇಜ್ ಹದಿನಾರಕ್ಕೆ ಇಳಿಯುತ್ತದೆ.

ಈ 'ಆದರೆ'ಯನ್ನು ರಾಯರು ಕೊನೆಯ ಪುಟದಲ್ಲಿ, ಷರಾ ಬರೆಯುವ ಜಾಗದಲ್ಲಿ ಬರೆದರು. ಮೈಸೂರಿನ ಕಚೇರಿಯಲ್ಲಿ ಫೈಲು ಬಂದರೆ ದೊಡ್ಡ ಸಾಹೇಬರು ಮೊದಲು ಅದನ್ನು ಮಗುಚಿ ಷರಾ ಓದುತ್ತಿದ್ದರು. ಮುಂದಿನ ಪುಟಗಳನ್ನು ಇಲಿಗಳು ಓದುತ್ತಿದ್ದವು. ಅಮೆರಿಕದಲ್ಲಿ ಮೊದಲ ಪುಟ ನೋಡಿ ಫೈಲು ಮುಚ್ಚುತ್ತಾರೆ ಎಂಬುದು ರಾಯರಿಗೆ ಏಳು ವರ್ಷವಾದರೂ ಗೊತ್ತಿರಲಿಲ್ಲ.

ಆ ವರ್ಷ ಡೆಟ್ರಾಯ್ಟ್ ಮತ್ತು ಶಿಕಾಗೋ ಕಡೆಯ ಕನ್ನಡದವರು ಸೇರಿ ಲೇಬರ್ ಡೇ ರಜೆಯಲ್ಲಿ ಡೆಟ್ರಾಯ್ಟಿನಲ್ಲಿ ಗಣಪತಿ ಕೂರಿಸುವುದೆಂದಾಯಿತು. ಚೌತಿ ಇನ್ನೂ ಮೂರು ವಾರವಿತ್ತು. ಗಣಪತಿಗೂ ರಜೆ ಸಿಗಬೇಕಲ್ಲ. ಶಿಕಾಗೋ ಪಕ್ಕದ ಶಾಮ್‌ಬರ್ಗಿನ ಉಪೇಂದ್ರ, ನಮ್ಮ ರಾಯರ ಮಾತು ಕೇಳಿ, ಅದೇ ವ್ಯಾಗನ್ ಕೊಂಡಿದ್ದ. ಅದರ ಹಿಂದೆ ಟ್ರೈಲರ್ ಕಟ್ಟಿ, ಎಂಬತ್ತು ಮಡಚುವ ಕುರ್ಚಿ, ಇನ್ನೂರು ಜನಕ್ಕಾಗುವ ಪಾತ್ರೆಗಳು, ಹಡಗಿನಲ್ಲಿ ತರಿಸಿದ್ದ ಒರಳುಕಲ್ಲು, ಎಲ್ಲವನ್ನೂ ಹೇರಿಕೊಂಡು ಹೆಂಡತಿ ಇಂದುಮತಿ ಮತ್ತು ಮಗುವಿನ ಜೊತೆ ಹೊರಟ.

ಶನಿವಾರ ಮಧ್ಯಾಹ್ನ ರಾಯರ ಮನೆಯ ಫೋನು ಬಡಿದುಕೊಂಡಿತು.

"ರಾಯರೇ, ಜ್ಯಾಕ್ಸನ್ ಹತ್ರ ನಿಂತಿದೀನಿ. ನಿಮ್ಮ ಎಂಜಿನ್ನಲ್ಲಿ ಅನ್ನಕ್ಕಿಡಬಹುದು, ಹಂಗೆ ಕುದೀತಾ ಇದೆ."

"ಏನು ಹೇರಿದೀಯಪ್ಪಾ ಅದಕ್ಕೆ? ಚಾಮುಂಡಿಬೆಟ್ಟಾನಾ?"

"ಎರಡು ಸಾವಿರ ಪೌಂಡಿಗೆ ಒಂದು ಚಮಚ ಜಾಸ್ತಿ ಹಾಕಿಲ್ಲ. ತೂಕ ಮಾಡಿಸ್ಕೊಂಡೇ ಬಂದಿದೀನಿ."

ರಾಯರು ಎಪ್ಪತ್ತೈದು ಮೈಲಿ ಕಾರು ಓಡಿಸಿಕೊಂಡು ಹೋದರು. ಬಿಸಿಲು ತೊಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ವ್ಯಾಗನ್ನಿನ ಬಾನೆಟ್ಟು ಬಾಯಿ ತೆರೆದು ನಿಂತಿತ್ತು. ಇಂದುಮತಿ ಹುಲ್ಲಿನ ಮೇಲೆ ಕೂತು ಮಗುವಿನ ಕಾಲಿಗೆ ಒದ್ದೆ ಸೆರಗು ಒತ್ತುತ್ತಿದ್ದಳು. ಕುದಿಯುವ ನೀರು ಚಿಮ್ಮಿ ನಾಲ್ಕು ವರ್ಷದ ಪದ್ಮಳ ಪಾದದ ಮೇಲೆ ಬೊಬ್ಬೆ ಎದ್ದಿತ್ತು.

"ಬರೀ ಮೈಲೇಜ್ ಕೇಳಿದೆ, ಎಳೆಯೋ ವಿಷಯ ಕೇಳಿದ್ಯೇನಯ್ಯಾ?" ಎಂದು ರಾಯರು ಉಪೇಂದ್ರನ ಮೇಲೆ ಹಾರಿಬಿದ್ದರು.

ಉಪೇಂದ್ರ ಕಾರಿನೊಳಗಿಂದ ಕಂಪನಿಯ ಬ್ರೋಷರ್ ತೆಗೆದು ಅವರ ಕೈಗಿಟ್ಟ. ಬಣ್ಣದ ಅಕ್ಷರದಲ್ಲಿ ಹತ್ತೊಂಬತ್ತು ಮೈಲು. ಅದರ ಪಕ್ಕದಲ್ಲೇ ಎರಡು ಸಾವಿರ ಪೌಂಡು. ಎರಡೂ ರಾಯರ ಅಂಕಿಗಳೇ. ಬೇರೆ ಗೇರು, ದೊಡ್ಡ ರೇಡಿಯೇಟರ್ ಎಂಬ ಮಾತು ಎಲ್ಲೂ ಇಲ್ಲ. ಚಿಕ್ಕ ಎಂಜಿನ್ ಆ ಭಾರಕ್ಕೆ ಉಸಿರುಗಟ್ಟಿ, ಉಳಿಸುವ ಪೆಟ್ರೋಲೆಲ್ಲ ಕುಡಿದು, ಗ್ಯಾಲನ್ನಿಗೆ ಎಂಟು ಮೈಲು ಕೊಟ್ಟು ಕುದ್ದುಹೋಗಿತ್ತು. ಇದಕ್ಕಿಂತ ಹಳೆಯ ಎಂಟು ಸಿಲಿಂಡರೇ ಕಡಿಮೆ ಕುಡಿಯುತ್ತಿತ್ತು. ರಾಯರ ಕಿವಿ ಕೆಂಪಾಯಿತು. ಮಗುವಿನ ಕಾಲನ್ನು ಇನ್ನೊಮ್ಮೆ ನೋಡಲಾರದೆ ಅವರು ರಸ್ತೆಯ ಕಡೆ ತಿರುಗಿ ನಿಂತರು.

ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ಹ್ಯಾಲೊರನ್ನನ ಮೇಜಿನ ಮೇಲೆ ಬ್ರೋಷರ್ ಬಿತ್ತು. ಅವನು ಅದನ್ನು ಪಕ್ಕಕ್ಕೆ ಸರಿಸಿ, ಮುಂದಿನ ವರ್ಷದ ಬ್ರೋಷರಿನ ಕರಡು ಹಾಳೆಯೊಂದನ್ನು ಮುಂದೆ ತಳ್ಳಿದ. ಅದೇ ಹತ್ತೊಂಬತ್ತು, ಅದೇ ಎರಡು ಸಾವಿರ. ಕೆಳಗೆ ರಾಯರ ಸಹಿಗೆ ಜಾಗ.

"ಆ ಗೇರು, ರೇಡಿಯೇಟರ್ ಎಲ್ಲ ಕಾರಿಗೂ ಹಾಕಿದ್ರೆ ಕಾರಿಗೆ ಅರವತ್ತು ಡಾಲರ್ ಜಾಸ್ತಿ ಆಗುತ್ತೆ. ಮೈಲೇಜೂ ಬೀಳುತ್ತೆ. ಯಾರು ತಗೋತಾರೆ?" ಎಂದ ಹ್ಯಾಲೊರನ್.

"ಹಾಕಬೇಡಿ. ಎರಡು ಸಾವಿರ ಎಳೆಯಲ್ಲ ಅಂತ ಬರೀರಿ."

"ನೀವು ಷರಾ ಬರೆದಿದ್ದೀರಲ್ಲ, ನಿಮ್ಮ ತಪ್ಪೇನಿಲ್ಲ. ಸಹಿ ಹಾಕಿ. ಮುಂದಿನ ತಿಂಗಳು ಇಲ್ಲಿಂದ ನಲವತ್ತು ಜನರನ್ನ ತೆಗೀಬೇಕು. ನಿಮ್ಮ ಹೆಸರು ಆ ಪಟ್ಟೀಲಿ ಇರೋದು ನನಗಿಷ್ಟ ಇಲ್ಲ."

ರಾಯರಿಗೆ ಇಂಗ್ಲಿಷೇ ಮರೆತುಹೋಯಿತು. "ಅಗ್ಗ ಅಂತೀರಿ, ಪೆಟ್ರೋಲ್ ಉಳಿಯುತ್ತೆ ಅಂತೀರಿ, ಬೆಟ್ಟಾನೂ ಎಳೆಯುತ್ತೆ ಅಂತೀರಿ! ಒಂದೇ ಎಂಜಿನ್ ಕೈಲಿ ಮೂರೂ ಮಾಡಿಸೋಕೆ ಅದೇನು ನಿಮ್ಮನೆ ಸೊಸೇನಾ? ಮಗೂ ಕಾಲು ಬೆಂದಿದೆ ಕಣ್ರೀ!" ಎಂದು ಅಚ್ಚ ಮೈಸೂರು ಕನ್ನಡದಲ್ಲಿ ಕೂಗಿದರು. ಆ ಕೂಗಿಗೆ ಮೂರು ಮಹಡಿ ಕೆಳಗಿದ್ದ ಎಂಜಿನ್ನುಗಳು ತಾವಾಗಿಯೇ ಆಫ್ ಆದವೆಂದು ಆಮೇಲೆ ಎಲ್ಲರೂ ಹೇಳಿದರು. ಹ್ಯಾಲೊರನ್ನನಿಗೆ ಒಂದು ಪದವೂ ತಿಳಿಯಲಿಲ್ಲ, ಅರ್ಥ ಪೂರ್ತಿ ತಿಳಿಯಿತು.

ರಾಯರು ಎರಡು ಸಾವಿರವನ್ನು ಹೊಡೆದುಹಾಕಿ, ಆ ಗೇರು, ರೇಡಿಯೇಟರ್ ಇಲ್ಲದೆಯೂ ಗಾಡಿ ಎಳೆಯಬಲ್ಲ ಒಂದು ಸಾವಿರವನ್ನು ದಪ್ಪಗೆ ಬರೆದು, ಅದರ ಮೇಲೇ ಸಹಿ ಹಾಕಿದರು. ಯಾರೂ ಅಳಿಸಬಾರದೆಂದು ಅದರ ಪ್ರತಿಗಳನ್ನು ಮಾರಾಟದವರಿಗೆ, ಕಂಪನಿಯ ವಕೀಲರಿಗೆ, ಮುದ್ರಣ ನೋಡಿಕೊಳ್ಳುವವರಿಗೆ ತಾವೇ ನಡೆದು ಮುಟ್ಟಿಸಿ ಬಂದರು.

ಹೊಸ ಬ್ರೋಷರಿನಲ್ಲಿ ಒಂದು ಸಾವಿರವೇ ಅಚ್ಚಾಯಿತು. ಅಕ್ಟೋಬರಿನ ನಲವತ್ತು ಹೆಸರುಗಳಲ್ಲಿ ರಾಯರ ಹೆಸರೂ ಇತ್ತು.

ಅಂದು ಆಫೀಸಿನ ತಮ್ಮ ಸಾಮಾನಿನ ಪೆಟ್ಟಿಗೆ ಹೊತ್ತು ಮನೆಗೆ ಬಂದ ರಾಯರನ್ನು ಹೆಂಡತಿ ಸರಳಾ ಬಾಗಿಲಲ್ಲೇ ನೋಡಿದಳು.

"ಹೋಗ್ಲಿ ಬಿಡಿ, ಬೇರೆ ಕಡೆ ಅಪ್ಲೈ ಮಾಡಿದ್ರಾಯ್ತು. ನಿಮ್ಮ ಅಂಕಿ ಅಚ್ಚಾಯ್ತಲ್ಲ. ಈಗ್ಲಾದ್ರೂ ಸಿಟ್ಟು ಇಳೀತಾ?"

"ಇಳಿಯೋದಾ? ಹಳೇ ಬ್ರೋಷರ್ ನಂಬಿ ಕಾರು ತಗೊಂಡೋರೆಲ್ಲ ಇನ್ನೂ ರಸ್ತೇಲಿದಾರೆ ಕಣೇ! ಅವರಿಗೆ ಹೇಳೋರು ಯಾರು?"

ಶೂ ಕೂಡ ಬಿಚ್ಚದೆ ಅವರು ಊಟದ ಮೇಜಿಗೆ ಟೈಪ್‌ರೈಟರ್ ಎಳೆದುಕೊಂಡರು. ಮಿಶಿಗನ್ನು, ಇಲಿನಾಯ್ ಎರಡೂ ರಾಜ್ಯಗಳ ಡೀಲರುಗಳಿಗೆ, ಒಬ್ಬೊಬ್ಬರಿಗೂ ಒಂದೊಂದು ಕಾಗದ. ಮೊದಲನೆಯದರ ಮೊದಲ ಸಾಲಲ್ಲೇ ಬೈಗುಳವಿತ್ತು. ಸರಳಾ ಬಗ್ಗಿ ಓದಿ, "ಇದನ್ನ ಎರಡನೇ ಪ್ಯಾರಾಕ್ಕೆ ಹಾಕ್ರೀ, ಮೊದಲು ರೇಡಿಯೇಟರ್ ವಿಷಯ ಹೇಳಿ" ಎಂದು ಸ್ಟಾಂಪು ತರಲು ಹೊರಟಳು.