ಎರಡು ಕೊಡ ನೀರಿನ ಪರೀಕ್ಷೆ

ನಿಪ್ಪಾಣಿಯಲ್ಲಿ ಸಂಡಾಸದ ತಗ್ಗು ತೋಡುವ ದುಂಡವ್ವನ ಬಾಯಿಗೆ ಹೆದರದವರಿರಲಿಲ್ಲ. ನಳದ ಮುಂದೆ ಯಾರಾದರೂ ಅವಳ ಕೊಡ ಸರಿಸಿದರೆ ಅವರ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಗಂಡ ಮಾಳಸಿದ್ದ ಬಾವಿ ತೋಡುವಾಗ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹಾರಿ, ಗುದ್ದಲಿ ಎರಡೂ ಅವಳ ಕೈಗೆ ಬಂದಿದ್ದವು. ಹೆಂಗಸು ತೋಡುವ ತಗ್ಗು ಎಷ್ಟು ಆಳವಿದ್ದೀತು ಎಂದು ನಕ್ಕ ಗೌಂಡಿಯೊಬ್ಬನನ್ನು ಅದೇ ತಗ್ಗಿಗೆ ಇಳಿಸಿ, ಏಣಿ ಮೇಲಕ್ಕೆಳೆದುಕೊಂಡು, ಮನೆಗೆ ಹೋಗಿ ರೊಟ್ಟಿ ತಿಂದು ಬಂದವಳು ಅವಳು.

ಬಾಯಿ ಎಷ್ಟು ಜೋರೋ ಮಣ್ಣಿನ ಗುರುತು ಅಷ್ಟೇ ಖಚಿತ. ಒಂದು ಮುಷ್ಟಿ ಮಣ್ಣನ್ನು ನೀರು ಹಾಕಿ ಕಲಸಿ, ಬತ್ತಿಯಂತೆ ಹೊಸೆದು ನೋಡುವಳು. ಉದುರಿದರೆ ಗರಸು, ಸಂಡಾಸದ ನೀರು ಹಾಯಾಗಿ ಇಂಗುತ್ತದೆ. ಬತ್ತಿ ಮುರಿಯದೆ ಉಂಗುರದಂತೆ ಬಾಗಿದರೆ ಎರಿ, ಜಿಗುಟು ಕಪ್ಪುಮಣ್ಣು. ಅಲ್ಲಿ ತಗ್ಗು ತೋಡುವುದೂ ಒಂದೇ, ನೀರಿನ ತೊಟ್ಟಿ ಕಟ್ಟುವುದೂ ಒಂದೇ.

೧೯೯೧ರ ಬೇಸಿಗೆಯಲ್ಲಿ ಆಬಾಸಾಹೇಬ ಎಂಬ ಸಾವಕಾರ ತನ್ನ ನಾಲ್ಕೆಕರೆ ತಂಬಾಕಿನ ಹೊಲವನ್ನು ತುಂಡರಿಸಿ ಮೂವತ್ತಾರು ಪ್ಲಾಟು ಮಾಡಿದ. ಅಲ್ಲಿ ಗಟಾರಿನ ಸುಳಿವಿಲ್ಲ, ಪ್ರತಿ ಮನೆಯೂ ತನ್ನ ಹೊಲಸು ನೀರನ್ನು ತನ್ನ ಅಂಗಳದಲ್ಲೇ ಇಂಗಿಸಿಕೊಳ್ಳಬೇಕು. ನೀರು ಇಂಗುತ್ತದೋ ಇಲ್ಲವೋ ಎಂದು ಕೊಳ್ಳುವವರು ಕೇಳತೊಡಗಿದ್ದರಿಂದ, ಎಲ್ಲರೆದುರೇ ತಗ್ಗಿಗೆ ನೀರು ಸುರಿದು ತೋರಿಸುತ್ತೇನೆಂದ. ತೋಡಲು ದುಂಡವ್ವನನ್ನು ಕರೆಸಿದ. ಅವಳು ಮಣ್ಣು ಹೊಸೆದಳು. ಬತ್ತಿ ಬೆರಳಿಗೆ ಉಂಗುರವಾಯಿತು.

"ಸಾವಕಾರ್ರ, ಇದು ಬರೋಬರಿ ಎರಿ ಐತಿ. ಮಳಿಗಾಲದಾಗ ಒಂದ ಹನಿ ಇಂಗೂದಿಲ್ಲ," ಎಂದಳು.

ಆಬಾಸಾಹೇಬ ಸಿಟ್ಟಾಗಲಿಲ್ಲ. "ಮೂವತ್ತಾರೂ ತಗ್ಗಿನ ಕೆಲಸ ನಿನಗ ಕೊಡ್ತೀನಿ ದುಂಡವ್ವಾ. ಬಾಯಿ ಅಷ್ಟ ಬಂದ್ ಇಡು," ಎಂದ.

ಮಾರಾಟದ ದಿನ ಪೆಂಡಾಲು, ಚಹಾ, ಎರಡು ಕೊಡ ನೀರು. ಬಿಸಿಲಿಗೆ ಎರಿ ಕೈ ತೂರುವಷ್ಟು ಬಿರಿದಿತ್ತು. ಸುರಿದ ನೀರು ಕಣ್ಣೆದುರೇ ಮಾಯವಾಯಿತು. ಅದು ಇಂಗಿದ್ದಲ್ಲ, ಬಿರುಕಿಗೆ ಬಿದ್ದದ್ದು. ಎರಡು ದಿನ ನೆನೆದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಆಮೇಲೆ ದೇವರು ಬಂದರೂ ನೀರು ಇಳಿಯುವುದಿಲ್ಲ. ಒಕ್ಕಲುತನ ಮಾಡಿದ ಯಾವನಿಗೂ ಇದು ಗೊತ್ತು, ಹುಟ್ಟಾ ಅದೇ ಹೊಲ ಉಂಡ ಆಬಾಸಾಹೇಬನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ಕೊಳ್ಳಲು ಬಂದವರು ಬೀಡಿ ಕಟ್ಟುವವರು, ಅಂಗಡಿ ಗುಮಾಸ್ತರು. ಆ ಭಂಡನಿಗೆ ಅದೂ ಗೊತ್ತಿತ್ತು.

ಅವರಲ್ಲಿ ದುಂಡವ್ವನ ಓಣಿಯ ತುಳಸವ್ವನೂ ಇದ್ದಳು. ಇಪ್ಪತ್ತು ವರ್ಷ ಬೀಡಿ ಕಟ್ಟಿ ಬೆನ್ನು ಬಾಗಿದವಳು. ಅವಳು ಸಾವಕಾರನನ್ನು ನಂಬಲಿಲ್ಲ. ತಿರುಗಿ, "ಯಕ್ಕಾ, ಜಾಗಾ ಚಲೋ ಐತೇನ?" ಎಂದು ಕೇಳಿದಳು. ಊರಿಗೇ ಬೈಯುವ ದುಂಡವ್ವ ಹೌದೆಂದು ಗೋಣು ಹಾಕಿದಳು.

ತುಳಸವ್ವ ಪ್ಲಾಟು ಕೊಂಡಳು, ದುಂಡವ್ವ ಮೂವತ್ತಾರೂ ತಗ್ಗು ತೋಡಿದಳು. ಮನೆಗಳೆದ್ದ ಮೇಲೆ, ಮರುವರ್ಷದ ಆಷಾಢದಲ್ಲಿ ತಗ್ಗುಗಳೆಲ್ಲ ಉಕ್ಕಿದವು. ತುಳಸವ್ವನ ಮನೆ ಇಳಿಜಾರಿನಲ್ಲಿತ್ತು. ಹೊಲಸು ಹೊಸ್ತಿಲು ದಾಟಿ ಬೀಡಿ ಎಲೆಯ ಚೀಲಕ್ಕೆ ನುಗ್ಗಿತು. ನಾತ ಹಿಡಿದ ಎಲೆಯ ಬೀಡಿಯನ್ನು ಮುಟ್ಟುವವರಾರು? ಅವಳ ಅನ್ನವೇ ಹೋಯಿತು. ದುಂಡವ್ವನ ಬಾಗಿಲಿಗೆ ಬಂದು, ಗೊತ್ತಿತ್ತೇನು ಎಂದು ಕೇಳಿದಳು. ದುಂಡವ್ವ ಹೌದೆಂದಳು. ತುಳಸವ್ವ ಬೈಯಲೂ ಇಲ್ಲ, ಹೊರಟುಹೋದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ದುಂಡವ್ವನಿಗೆ ಆಬಾಸಾಹೇಬನ ಮೇಲೆ ಎಷ್ಟು ಸಿಟ್ಟೋ ತನ್ನ ಗೋಣಿನ ಮೇಲೂ ಅಷ್ಟೇ ಸಿಟ್ಟು. ಮುಂದಿನ ಬೇಸಿಗೆಯಲ್ಲಿ ಅವನು ಕೊಗನೊಳ್ಳಿ ದಾರಿಯಲ್ಲಿ ಇನ್ನೊಂದು ಹೊಲವನ್ನು ತುಂಡು ಮಾಡಿದ್ದೇ ತಡ, ಅವಳು ಬದುವಿನಾಚೆ, ದಾರಿಯ ಪಕ್ಕದ ಅದೇ ಎರಿಯಲ್ಲಿ ಸ್ವಂತ ತಗ್ಗು ತೋಡಿ, ಮೂರು ದಿನ ನೀರು ಹೊತ್ತು ತುಂಬಿದಳು. ಮೊದಲ ದಿನ ನೆಲ ಎಲ್ಲ ಕುಡಿಯಿತು. ಮೂರನೆಯ ದಿನ ನೀರು ಹಾಗೇ ನಿಂತಿತು.

ಮಾರಾಟದ ದಿನ ಆಬಾಸಾಹೇಬನ ಎರಡು ಕೊಡ ನೀರು ಮಾಯವಾದ ಕೂಡಲೇ ಅವಳು ಜನರನ್ನು ತನ್ನ ತಗ್ಗಿನ ಬಳಿಗೆ ಕರೆದೊಯ್ದಳು. ನಿನ್ನೆ ಮುಂಜಾನೆ ತುಂಬಿದ ನೀರು ಒಂದು ಬೆರಳೂ ಇಳಿದಿರಲಿಲ್ಲ.

"ಆ ತಂಬಾಕಿನ ಹೊಲದಾಗ ತಗ್ಗ ತೋಡಿದಾಕಿ ನೀನ ಅಲ್ಲೇನ ಬೇ?" ಎಂದ ಆಬಾಸಾಹೇಬ.

"ಹೌದ್ರಿ, ನಾನ ತೋಡೀನಿ. ಗೊತ್ತಿದ್ದೂ ಗೋಣ ಹಾಕೀನಿ. ನಂಬಿಕಿ ಬರಲಿಲ್ಲಂದ್ರ ತುಳಸವ್ವನ ಮನಿ ನೋಡಿ ಬರ್ರಿ, ಮೂಗ ಮುಚ್ಚಕೊಂಡ ಹೋಗ್ರಿ."

ಜನ ಹೋದರು, ತಗ್ಗಿನ ಮುಚ್ಚಳ ಸರಿಸಿ ಅಂಚಿನ ತನಕ ನಿಂತ ಹೊಲಸು ನೋಡಿದರು. ಹೊಸ ಹೊಲದಲ್ಲಿ ಒಂದು ಪ್ಲಾಟೂ ಮಾರಾಟವಾಗಲಿಲ್ಲ. ಗೋಣು ಹಾಕಿದ ಎರಡು ವರ್ಷದ ಮೇಲೆ ದುಂಡವ್ವ ಅಂದು ಹೊಟ್ಟೆ ತುಂಬ ಉಂಡಳು.

ಮರುದಿನ ಮುಂಜಾನೆ ತುಳಸವ್ವ ಬಂದಳು. ಆ ಬೇಸಿಗೆಯಲ್ಲಿ, ಮಾರಲು ಇಟ್ಟಿದ್ದ ಅವಳ ಮನೆಗೂ ಗಿರಾಕಿಯೊಬ್ಬ ಸಿಕ್ಕಿದ್ದ. ಒಣಗಿದ ಅಂಗಳ ನೋಡಿ ಒಪ್ಪಿ, ಸೋಮವಾರ ಖರೀದಿಪತ್ರ ಮಾಡಿಸುವವನಿದ್ದ. ನಿನ್ನೆ ಆ ಜನರ ಜೊತೆ ಅವನೂ ಬಂದು ನೋಡಿ, ಒಲ್ಲೆನೆಂದು ಹೋಗಿದ್ದ.

"ನನ್ನ ಮುಂದ ಸುಳ್ಳ ಹೇಳಿದಿ, ಅವರ ಮುಂದ ಖರೇ ಹೇಳಿದಿ," ಎಂದಳು ತುಳಸವ್ವ. "ಎರಡೂ ಸಲ ಮುಳುಗಿದಾಕಿ ನಾನ, ಯಕ್ಕಾ."